ಗುಲಾಬಿ ಈರುಳ್ಳಿಗೆ ಒಂದೇ ಬಾಗಿಲು ಸಾಲದು



ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ನಾವು ಬೆಳೆಯುವ ಗುಲಾಬಿ ಈರುಳ್ಳಿಯ ಕಥೆ ನಿಮಗೆ ಗೊತ್ತೇ ಇದೆ. ಬೆಳೆಯೋರು ನಾವು, ಉಣ್ಣೋರು ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾದವರು. ಗಾತ್ರ ಸಣ್ಣದು, ಘಾಟು ಜಾಸ್ತಿ ಅಂತ ನಮ್ಮ ಪೇಟೆಯವರು ಇದನ್ನ ಅಷ್ಟಾಗಿ ಕೇಳೋದಿಲ್ಲ. 2014-15ನೇ ಸಾಲಿನಲ್ಲಿ ಇದಕ್ಕೆ ಜಿ.ಐ. ಮಾನ್ಯತೆ ಸಿಕ್ಕಿತು. ಹೆಸರಿಗೆ ಗೌರವ ಬಂತು, ಸರಿ. ಆದರೆ ಬೆಳೆದವನ ಜೇಬಿಗೆ ಏನು ಬಂತು?

ಲೆಕ್ಕ ಹಾಕಿ ನೋಡಿ. 2019ರ ಸೆಪ್ಟೆಂಬರಿನಲ್ಲಿ ಈರುಳ್ಳಿ ರಫ್ತು ನಿಷೇಧವಾಯಿತು. ನಾವು ಕೂಗಾಡಿದ ಮೇಲೆ ಅಕ್ಟೋಬರ್ ಕೊನೆಗೆ ನಮ್ಮ ಮಾಲಿಗೆ ಬಿಟ್ಟಿದ್ದು 9,000 ಟನ್. 2020ರ ಸೆಪ್ಟೆಂಬರಿನಲ್ಲಿ ಮತ್ತೆ ನಿಷೇಧ, ಅಕ್ಟೋಬರಿನಲ್ಲಿ ಚೆನ್ನೈ ಬಂದರಿನ ಮೂಲಕ 10,000 ಟನ್. 2023ರ ಆಗಸ್ಟ್ 19ರಂದು ಶೇ. 40 ರಫ್ತು ಸುಂಕ. ಗುಲಾಬಿ ಈರುಳ್ಳಿಗೆ ವಿನಾಯಿತಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಡಿಸೆಂಬರಿನಲ್ಲಿ ಈರುಳ್ಳಿ ರಫ್ತೇ ಬಂದ್. ಪೇಟೆಯಲ್ಲಿ ದಪ್ಪ ಈರುಳ್ಳಿ ತುಟ್ಟಿಯಾದರೆ, ಪೇಟೆಯವರು ತಿನ್ನದ ನಮ್ಮ ಈರುಳ್ಳಿಗೂ ಬೇಡಿ ಹಾಕುವುದು ಯಾವ ನ್ಯಾಯ?

ಆ ಆಗಸ್ಟಿನಲ್ಲಿ ನನ್ನ ಒಂದೂವರೆ ಎಕರೆ ಕೀಳೋ ಹದಕ್ಕೆ ಬಂದಿತ್ತು. ಬಾಯಿಮಾತಿನಲ್ಲಿ ರೇಟು ಕಟ್ಟಿ ಹೋಗಿದ್ದ ವ್ಯಾಪಾರಿ ಫೋನೇ ಎತ್ತಲಿಲ್ಲ. ಕಿತ್ತು ಹರಡಿದ ಗೆಡ್ಡೆ ಮೇಲೆ ಎರಡು ರಾತ್ರಿ ಮಳೆ ಹುಯ್ತು. ಉಳಿದಿದ್ದನ್ನ ಮಂಡಿಗೆ ಹಾಕಿದರೆ ಕೂಲಿ, ಬಾಡಿಗೆ, ಕಮೀಷನ್ ಕಳೆದು ಸೊಸೈಟಿ ಸಾಲದ ಬಡ್ಡಿಗೂ ಸಾಲಲಿಲ್ಲ. ವಿನಾಯಿತಿ ಬಂತು ಅಂತ ಪೇಪರಿನಲ್ಲಿ ಓದುವಾಗ ನನ್ನ ಹೊಲ ಖಾಲಿ. ಆಮೇಲೆ ಲಾಭ ಮಾಡಿಕೊಂಡಿದ್ದು ದಾಸ್ತಾನು ಇಟ್ಟವನು, ಬೆಳೆದವನಲ್ಲ.

ಸರ್ಕಾರವನ್ನು ಬೈದರೆ ಕೋಪ ಇಳಿಯುತ್ತೆ, ಸಾಲ ಇಳಿಯಲ್ಲ. ತಪ್ಪು ನಮ್ಮಲ್ಲೂ ಇದೆ. ಇಡೀ ಬೆಳೆಯನ್ನ ಒಂದೇ ಬಾಗಿಲಿಗೆ ಹೊತ್ತುಕೊಂಡು ಹೋಗಿ ನಿಲ್ಲುತ್ತೇವೆ. ಆ ಬಾಗಿಲು ಮುಚ್ಚಿದ ದಿನ ಬೀದಿಗೆ ಸುರಿಯುತ್ತೇವೆ.

ನಮ್ಮ ಹಿರಿಯರು ಹೀಗೆ ಕೂರಲಿಲ್ಲ. 1959ರಲ್ಲಿ ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರು ಸೇರಿ ಸಹಕಾರ ಸಂಘ ಕಟ್ಟಿದರು. ಅದೇ ಬೆಳೆದು ಹಾಪ್‌ಕಾಮ್ಸ್ ಆಯಿತು, ಬೀದಿ ಬೀದಿಯಲ್ಲಿ ಮಳಿಗೆ ತೆರೆಯಿತು. ಮಂಡಿ ದಾಟಿ ತಿನ್ನೋರ ಕೈಗೇ ಮಾಲು ಮುಟ್ಟಿಸಬಹುದು ಅಂತ ಅವರು ತೋರಿಸಿಕೊಟ್ಟರು.

ನಾವೂ ಹೋಬಳಿಗೊಂದರಂತೆ ಉತ್ಪಾದಕರ ಕಂಪನಿ ಮಾಡಿಕೊಳ್ಳೋಣ. 2002ರ ಕಂಪನಿ ಕಾಯಿದೆ ತಿದ್ದುಪಡಿಯಿಂದಲೇ ಅದಕ್ಕೆ ಅವಕಾಶ ಸಿಕ್ಕಿದೆ. ಗಾತ್ರ ನೋಡಿ ಮಾಲು ವಿಂಗಡಿಸೋಣ. ಒಂದು ಪಾಲು ರಫ್ತಿಗೆ, ಒಂದು ಪಾಲು ಪೇಟೆಯ ಅಂಗಡಿ, ಹೋಟೆಲು, ಉಪ್ಪಿನಕಾಯಿ ಮಾಡೋರಿಗೆ. "ನಮ್ಮ ಜನ ಇದನ್ನ ತಿನ್ನಲ್ಲ ಬಿಡ್ರಿ" ಅನ್ನುತ್ತೀರಿ. ತೂಕ ಮಾಡಿ, ಹೆಸರು ಬರೆದು, ಅವರ ಮುಂದೆ ಇಟ್ಟು ಕೇಳಿದ್ದೀರಾ? ಸಾಂಬಾರಿಗೆ ಸಣ್ಣ ಈರುಳ್ಳಿ ಹುಡುಕೋರು ಬೆಂಗಳೂರಿನಲ್ಲೇ ಎಷ್ಟು ಜನ ಇಲ್ಲ! ರಫ್ತು ಪರವಾನಗಿ, ಅಪೆಡಾ ನೋಂದಣಿ ಕಂಪನಿಯ ಹೆಸರಿನಲ್ಲೇ ಇರಲಿ. 2023ರಲ್ಲಿ ಸುಂಕದ ವಿನಾಯಿತಿ ಬೇಕಾದರೆ ರಾಜ್ಯದ ತೋಟಗಾರಿಕಾ ಆಯುಕ್ತರ ಪ್ರಮಾಣಪತ್ರ ಬೇಕಿತ್ತು. ಆ ಕಾಗದ ಯಾರ ಕೈಯಲ್ಲಿದೆಯೋ ಅವರೇ ಯಜಮಾನರು.

ಒಂದು ಎಚ್ಚರಿಕೆ. ಕಂಪನಿ ಕಟ್ಟುವ ಹುಮ್ಮಸ್ಸಿನಲ್ಲಿ ಜಮೀನು ಅಡವಿಟ್ಟು ದೊಡ್ಡ ಶೆಡ್ಡು ಏಳಿಸಬೇಡಿ. ಮೊದಲು ಒಂದು ಕಣ, ಒಂದು ತಕ್ಕಡಿ, ಎಲ್ಲರೂ ತೆರೆದು ನೋಡಬಹುದಾದ ಲೆಕ್ಕದ ಪುಸ್ತಕ ಸಾಕು. ದೊಡ್ಡ ಅಂಗಡಿಯವರಿಗೆ ಕೊಡುವಾಗ ಹಣ ಎಷ್ಟು ದಿನಕ್ಕೆ, ತಿರಸ್ಕರಿಸಿದ ಮಾಲಿನ ನಷ್ಟ ಯಾರಿಗೆ ಅನ್ನೋದು ಬರವಣಿಗೆಯಲ್ಲಿರಲಿ. ಬಾಯಿಮಾತಿನ ಬೆಲೆ ನಾನು ತೆತ್ತಿದ್ದೇನೆ.

2025ರ ಏಪ್ರಿಲ್ 1ರಿಂದ ಈರುಳ್ಳಿ ರಫ್ತು ಸುಂಕ ತೆಗೆದರು ಅಂತ ಮೈಮರೆಯಬೇಡಿ. ಹಾಕಿದ ಕೈಯೇ ತೆಗೆದಿದ್ದು, ಮತ್ತೆ ಹಾಕಲೂಬಹುದು. ಗುಲಾಬಿ ಈರುಳ್ಳಿಯ ರಫ್ತು ನೀತಿಯನ್ನು ಬಿತ್ತನೆಗೆ ಮೊದಲೇ ಪ್ರಕಟಿಸಿ, ಕೊಯ್ಲಾಗುವವರೆಗೆ ಬದಲಿಸಬೇಡಿ ಅನ್ನುವುದು ನಮ್ಮ ಬೇಡಿಕೆ. ಅದಕ್ಕೆ ಹೋರಾಟ ನಡೆಯಲಿ. ಹೋರಾಟದ ಜೊತೆಗೆ ಎರಡನೇ ಬಾಗಿಲನ್ನೂ ನಾವೇ ತೆರೆಯೋಣ. ಮುಂದಿನ ಸಸಿಮಡಿ ಹಾಕುವ ಮೊದಲು ನಿಮ್ಮೂರಿನ ಅರಳಿಕಟ್ಟೆಯಲ್ಲಿ ಹತ್ತು ಜನ ಕೂತು ಇದನ್ನ ಮಾತಾಡಿ.