ಮ್ಯಾನುಯಲ್ ಕಾರನ್ನು ಆಟೋಮ್ಯಾಟಿಕ್ ಮಾಡಿಸಬಹುದೇ? ‘ಗೇರ್‌ಬಾಕ್ಸ್ ಬದಲಿಸಿದರೆ ಸಾಕು’ ಎಂಬ ಮಾತು ಎಷ್ಟು ನಿಜ?

ಟ್ರಾಫಿಕ್‌ನಲ್ಲಿ ಕ್ಲಚ್ ತುಳಿದು ತುಳಿದು ಮಂಡಿ ನೋವು. ಆದರೆ ಇಷ್ಟಪಟ್ಟು ಕೊಂಡ ಕಾರನ್ನು ಮಾರಲು ಮನಸ್ಸಿಲ್ಲ. ಆಗ ಸಿಗುವ ಸಲಹೆ: ‘ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿಸಿಬಿಡಿ. ಆರ್‌ಸಿಯಲ್ಲಿ ಗೇರ್‌ಬಾಕ್ಸ್ ವಿಷಯ ಇರೋದೇ ಇಲ್ಲ, ಯಾರೂ ಕೇಳಲ್ಲ.’ ಇದರಲ್ಲಿ ಎಷ್ಟು ಹುರುಳಿದೆ ನೋಡೋಣ.

ತಾಂತ್ರಿಕವಾಗಿ ಸಾಧ್ಯವೇ?

ಸಾಧ್ಯ, ಆದರೆ ಸುಲಭವಲ್ಲ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಡಿಐ ಕಾರನ್ನೇ ತೆಗೆದುಕೊಳ್ಳಿ. 1.5 ಲೀಟರ್ ಡೀಸೆಲ್ ಎಂಜಿನ್, 250 ನ್ಯೂಟನ್ ಮೀಟರ್ ಟಾರ್ಕ್, 5 ಸ್ಪೀಡ್ ಮ್ಯಾನುಯಲ್ ಗೇರ್. ಇದೇ ಎಂಜಿನ್ ವೆಂಟೊದಲ್ಲಿ 7 ಸ್ಪೀಡ್ ಡಿಎಸ್‌ಜಿ ಆಟೋಮ್ಯಾಟಿಕ್ ಜೊತೆ ಬಂದಿತ್ತು. ಹಾಗಾದರೆ ಅದನ್ನು ತಂದು ಇದಕ್ಕೆ ಜೋಡಿಸಿದರೆ ಆಯಿತಲ್ಲವೇ?

ಗೇರ್‌ಬಾಕ್ಸ್ ಜೊತೆಗೆ ಫ್ಲೈವೀಲ್, ಮೌಂಟಿಂಗ್, ಗೇರ್ ಲಿವರ್, ಪೆಡಲ್, ವೈರಿಂಗ್ ಹೀಗೆ ಹಲವು ಭಾಗಗಳು ಬದಲಾಗಬೇಕು. ಅದಕ್ಕಿಂತ ದೊಡ್ಡ ಕೆಲಸ ಸಾಫ್ಟ್‌ವೇರ್‌ನದು. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ತನ್ನದೇ ಕಂಪ್ಯೂಟರ್ ಇರುತ್ತದೆ. ಅದು ಎಂಜಿನ್ ಮತ್ತು ಬ್ರೇಕ್ ವ್ಯವಸ್ಥೆಯ ಕಂಪ್ಯೂಟರ್‌ಗಳ ಜೊತೆ ಸದಾ ಮಾಹಿತಿ ಹಂಚಿಕೊಳ್ಳುತ್ತದೆ. ಈ ಹೊಂದಾಣಿಕೆ ತಪ್ಪಿದರೆ ಗೇರ್ ತಡವಾಗಿ ಬೀಳುವುದು, ಜರ್ಕ್ ಹೊಡೆಯುವುದು, ಕಾರು ಸ್ಟಾರ್ಟ್ ಆಗದಿರುವುದು, ಏನು ಬೇಕಾದರೂ ಆಗಬಹುದು.

ಇನ್ನೊಂದು ಅಪಾಯವಿದೆ. ಈ 7 ಸ್ಪೀಡ್ ಡಿಎಸ್‌ಜಿ ತಡೆದುಕೊಳ್ಳುವ ಮಿತಿಯೂ 250 ನ್ಯೂಟನ್ ಮೀಟರ್. ಕಾರಿನ ವೇಗ ಹೆಚ್ಚಿಸಲು ಎಂಜಿನ್ ರೀಮ್ಯಾಪ್ ಮಾಡಿಸಿದ್ದರೆ ಮಿತಿ ದಾಟಿ, ಮೊದಲ ಪೆಟ್ಟು ಕ್ಲಚ್‌ಗೆ ಬೀಳುತ್ತದೆ.

‘ಆಟೋಮ್ಯಾಟಿಕ್ ಅಂದರೆ ನಿಧಾನ’ ಎಂಬುದು ಮಾತ್ರ ಹಳೆಯ ನಂಬಿಕೆ. 2013ರಲ್ಲಿ ಬಂದ ಪೋರ್ಷೆ 911 ಜಿಟಿ3ಯಲ್ಲಿ ಮ್ಯಾನುಯಲ್ ಆಯ್ಕೆಯೇ ಇರಲಿಲ್ಲ. ಆದರೆ ಅದು ಕಾರ್ಖಾನೆಯಲ್ಲೇ ಹಾಗೆ ವಿನ್ಯಾಸಗೊಂಡ ಕಾರು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. ತಯಾರಕರು ಅನುಮೋದನೆ ಪಡೆದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಆರ್‌ಸಿಯಲ್ಲಿ ಗೇರ್‌ಬಾಕ್ಸ್ ಹೆಸರಿಲ್ಲ ಎಂಬುದು ಅನುಮತಿ ಪತ್ರವಲ್ಲ.

ವಿಮೆಯಲ್ಲೂ ಮ್ಯಾನುಯಲ್ ಮತ್ತು ಆಟೋಮ್ಯಾಟಿಕ್ ಬೇರೆ ಬೇರೆ ವೇರಿಯಂಟ್. ಮಾರ್ಪಾಡನ್ನು ತಿಳಿಸದಿದ್ದರೆ ಅಪಘಾತದ ನಂತರ, ಹಣ ಅತ್ಯಂತ ಅಗತ್ಯವಿರುವ ಹೊತ್ತಿನಲ್ಲೇ, ಕ್ಲೇಮ್‌ಗೆ ತಕರಾರು ಬರಬಹುದು.

ಹಾಗಾದರೆ ದಾರಿ ಏನು?

ಅಂಗವೈಕಲ್ಯ ಇರುವವರಿಗೆ ಕಾನೂನಿನಲ್ಲೇ ಅವಕಾಶವಿದೆ. ಅವರ ಬಳಕೆಗಾಗಿ ನಿಯಮದಂತೆ ವಾಹನವನ್ನು ಮಾರ್ಪಡಿಸಿ, ಆರ್‌ಟಿಒದಲ್ಲಿ ದಾಖಲಿಸಬಹುದು. ಉಳಿದವರಿಗೆ ಇರುವ ಕಾರನ್ನು ಮಾರಿ, ಕಂಪನಿಯೇ ಆಟೋಮ್ಯಾಟಿಕ್ ಆಗಿ ತಯಾರಿಸಿದ ಕಾರು ಕೊಳ್ಳುವುದೇ ಸುರಕ್ಷಿತ. ಅದಕ್ಕೆ ಹೊಸ ಲೈಸೆನ್ಸ್ ಬೇಡ, ಈಗಿನ ಎಲ್‌ಎಂವಿ ಲೈಸೆನ್ಸೇ ಸಾಕು.

ಆದರೂ ಯಾರಾದರೂ ‘ನಾವು ಮಾಡಿಕೊಡ್ತೀವಿ’ ಎಂದರೆ ಮುಂಗಡ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಸಾಫ್ಟ್‌ವೇರ್ ಹೊಂದಿಸುವವರು ಯಾರು? ಆರ್‌ಟಿಒ ಅನುಮತಿ ಎಲ್ಲಿದೆ? ವಿಮಾ ಕಂಪನಿ ಒಪ್ಪಿದೆಯೇ? ಮೂರಕ್ಕೂ ಲಿಖಿತ ಉತ್ತರ ಸಿಗದಿದ್ದರೆ ಕೀಲಿ ಕೊಡಬೇಡಿ.