ಕೂಸಿಗೆ ಬೇಕಾದ ಮರುಮಾತು

ಗೋಳಗುಮ್ಮಟದ ಮೇಲಣ ಮೊಗಸಾಲೆಯಲ್ಲಿ ನಿಂತು ಒಮ್ಮೆ ಕೂಗಿದರೆ ಆ ಕೂಗು ಹಲವು ಬಾರಿ ಮರಳಿ ಬರುತ್ತದೆ. ದನಿಯನ್ನು ಹಿಂದಿರುಗಿಸುವುದು ಆ ಕಟ್ಟಡಕ್ಕೆ ಗೊತ್ತು. ಮರುಮಾತು ಕೊಡುವುದು ಗೊತ್ತಿಲ್ಲ. ತಿಕೋಟಾದ ದ್ರಾಕ್ಷಿ ತೋಟಗಳ ಬದುವಿನಲ್ಲಾಗಲಿ, ವಿಜಯಪುರದ ಪಡಸಾಲೆಗಳಲ್ಲಾಗಲಿ, ಅಳುವ ಕೂಸಿನ ಕೈಗೆ ಮೊಬೈಲನ್ನು ಕೊಟ್ಟು ಕೂರಿಸುವಾಗ ನಾವು ಕೊಡುವುದೂ ಇಂಥ ದನಿಯನ್ನೇ ಅಲ್ಲವೆ?

ಮಕ್ಕಳು ಭಾಷೆ ಕಲಿಯುವುದು ಶಾಲೆಯಲ್ಲಿ ಎಂದು ಬಗೆದವರು ನಮ್ಮಲ್ಲಿ ಇನ್ನೂ ಬಹಳ. ಆದರೆ ಎರಡು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ದೊಡ್ಡವರ ಮಿದುಳಿನ ಮುಕ್ಕಾಲು ಗಾತ್ರವನ್ನು ಮುಟ್ಟಿರುತ್ತದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಒಂದು ಸೋಜಿಗವನ್ನು ವರದಿ ಮಾಡಿದರು. ಇಂಗ್ಲಿಷ್ ಮನೆಮಾತಿನ, ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ತಕಾರ ಟಕಾರಗಳ ಭೇದವನ್ನು ಗುರುತಿಸುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಅಳಿದಿತ್ತು. ಕಿವಿಗೆ ಬಿದ್ದ ಭೇದವನ್ನು ಮಿದುಳು ಉಳಿಸಿಕೊಳ್ಳುತ್ತದೆ, ಬೀಳದ್ದನ್ನು ಕೈಬಿಡುತ್ತದೆ.

ಕಿವಿಗೆ ಬಿದ್ದರಾಯಿತು, ಮೊಬೈಲಿನದಾದರೇನು ಎಂದು ವಾಚಕರು ಕೇಳಬಹುದು. ಅಮೆರಿಕದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಇದಕ್ಕೂ ಉತ್ತರ ಕೊಟ್ಟಿದ್ದಾರೆ. ಒಂಬತ್ತು ತಿಂಗಳ ಅಮೆರಿಕದ ಕೂಸುಗಳೆದುರು ಕುಳಿತು, ಚೀನೀ ಭಾಷೆಯಲ್ಲಿ ಮಾತಾಡಿ ಆಡಿಸಿದಾಗ ಅವು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ಮಾತುಗಳನ್ನು ತೆರೆಯ ಮೇಲೆ ಕಂಡು ಕೇಳಿದ ಕೂಸುಗಳು ಕಲಿಯಲಿಲ್ಲ. ತೊದಲಿಗೆ ಕಾದು, ಮುಖ ನೋಡಿ ಉತ್ತರಿಸುವ ಜೀವವೊಂದು ಬೇಕು.

ಆ ಜೀವಕ್ಕೆ ಪದವಿ ಬೇಕಿಲ್ಲ. "ಯಾಕೋ ಯಪ್ಪಾ, ಹಸಿವಾತೇನ?" ಎನ್ನುವ ಅಜ್ಜಿ ಸಾಕು. ತಾಂಡಾದ ಲಂಬಾಣಿಯಾದರೂ ಸರಿ, ಪೇಟೆಯ ದಖನಿ ಉರ್ದುವಾದರೂ ಸರಿ. ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿರೆಂದು ತಾಯಂದಿರಿಗೆ ಉಪದೇಶಿಸುವ ಶಿಕ್ಷಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹತ್ತು ಮಾತು ಬಾರದ ಭಾಷೆಗಾಗಿ, ಬಾಯಿತುಂಬ ಬರುವ ಭಾಷೆಗೆ ಅವರು ಬೀಗ ಹಾಕಿಸುತ್ತಿದ್ದಾರೆ!

ಇರಲಿ. ಕೂಲಿಗೆ ಹೋಗುವ ತಾಯಿಯನ್ನು ದೂರುವುದು ಸುಲಭ, ಆದರೆ ಅನ್ಯಾಯ. ಅಂಗನವಾಡಿಗಳಿಗೆ ದಾರಿ ಮಾಡಿದ ಯೋಜನೆ 1975ರಲ್ಲಿಯೇ ಬಂದಿತು. ಆದರೆ ಅಲ್ಲಿ ದಿನವೂ ಕೂರುವವರು ಮೂರು ವರ್ಷ ತುಂಬಿದವರು. ಅದಕ್ಕಿಂತ ಚಿಕ್ಕವರಿಗೆ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ, ಮಾತು ಹೋಗುವುದಿಲ್ಲ. 2023ರಲ್ಲಿ ರಾಜ್ಯ ಸರಕಾರವು ಉದ್ಯೋಗ ಖಾತರಿ ಕೆಲಸದ ತಾಯಂದಿರಿಗಾಗಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯಹೊರಟಿತು. ಅಂಥ ಮನೆಗಳು ತಿಕೋಟಾ, ಬಬಲೇಶ್ವರಗಳ ತೋಟದ ಹೆಂಗಸರಿಗೂ ದೊರೆಯಬೇಕು. ಅಲ್ಲಿ ಆರೈಕೆಗೆ ನಿಂತವಳಿಗೆ ಕೂಸಿನ ತೂಕ ಬರೆಯುವುದಷ್ಟೇ ಅಲ್ಲ, ಕೂಸಿನೊಡನೆ ಹರಟುವುದೂ ಸಂಬಳದ ಕೆಲಸವೆಂದು ಆದೇಶದಲ್ಲಿಯೇ ಬರೆದಿರಬೇಕು.