ಹೆಸರು ಬದಲಾದರೆ ವಿಷ ಬದಲಾಗದು

ಊರಿಗಾಂ ನಿಲ್ದಾಣದಲ್ಲಿ ಮುಂಜಾನೆ ಬೆಂಗಳೂರಿನ ರೈಲಿಗಾಗಿ ಕಾದು ನಿಲ್ಲುವ ಯುವಜನರನ್ನು ನಾವೆಲ್ಲರೂ ಬಲ್ಲೆವು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಬಳಿಕ ಅನೇಕ ಮನೆಗಳ ಅನ್ನ ಆ ರೈಲನ್ನೇ ನಂಬಿದೆ. ದುಡಿಯಲು ಹೋದ ಮಗನ ಕೈಗೆ ನಗರದಲ್ಲಿ ಯಾರು ಏನನ್ನು ನೀಡುವರೆಂಬುದು ಹೆತ್ತವರಿಗೆ ತಿಳಿಯದು. ಆದುದರಿಂದ, ಹೊರದೇಶಗಳಲ್ಲಿ 'ಸ್ಪೈಸ್', 'ಕೆ2' ಎಂಬ ಹೆಸರುಗಳಿಂದ ಹರಡಿದ ಕೃತಕ ಗಾಂಜಾದ ಕುರಿತು ಅವರು ಅರಿತಿರುವುದು ಲೇಸು.

ಇದರ ಮಾದಕಾಂಶ ಗಿಡದಿಂದ ಬಂದುದಲ್ಲ. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಜಾನ್ ಡಬ್ಲ್ಯು. ಹಫ್‌ಮನ್ ಅವರು 1990ರ ದಶಕದಲ್ಲಿ ಸಂಶೋಧನೆಗೆಂದು ತಯಾರಿಸಿದ ಸಂಯುಕ್ತಗಳಲ್ಲೊಂದು ಜೆಡಬ್ಲ್ಯುಹೆಚ್-018. ಮೊದಲ ಮೂರಕ್ಷರಗಳು ಅವರ ಹೆಸರಿನವೇ. ಲಾಭಕೋರರು ಇದನ್ನು ದ್ರಾವಕದಲ್ಲಿ ಕರಗಿಸಿ, ಒಣಗಿದ ಎಲೆಗಳ ಮೇಲೆ ಸಿಂಪಡಿಸಿ, ಗಿಡಮೂಲಿಕೆಯ ಧೂಪವೆಂದು ಮಾರಿದರು. 2008ರಲ್ಲಿ ಜರ್ಮನಿಯಲ್ಲಿ ನಡೆದ ಪರೀಕ್ಷೆಯಿಂದ ಗುಟ್ಟು ಬಯಲಾಯಿತು.

ಗಾಂಜಾದ ಟಿಹೆಚ್‌ಸಿ ಮಿದುಳಿನ ಗ್ರಾಹಕಗಳನ್ನು ಭಾಗಶಃ ಕೆರಳಿಸಿದರೆ, ಇದು ಪೂರ್ಣವಾಗಿ ಕೆರಳಿಸುತ್ತದೆ. ಸಿಂಪಡಣೆ ಸಮನಾಗಿರದ ಕಾರಣ ಒಂದೇ ಪೊಟ್ಟಣದ ಎರಡು ಚಿಟಿಕೆಗಳ ಬಲ ಬೇರೆಬೇರೆ. ತೀವ್ರ ಎದೆಬಡಿತ, ವಾಂತಿ, ಭ್ರಮೆ, ಸೆಳವು, ಮೂತ್ರಪಿಂಡದ ಹಾನಿ, ಕೆಲವೊಮ್ಮೆ ಮರಣವೂ ಸಂಭವಿಸಿದೆ. ಗಾಂಜಾ ಪತ್ತೆಗಾಗಿ ಮಾಡುವ ಸಾಮಾನ್ಯ ಮೂತ್ರಪರೀಕ್ಷೆಗೆ ಇದು ಸಿಗುವುದಿಲ್ಲ.

ಕಾನೂನಿನ ಕಷ್ಟವೂ ಇಲ್ಲಿಯೇ. ನಮ್ಮ 1985ರ ಮಾದಕದ್ರವ್ಯ ಕಾಯಿದೆಯಲ್ಲಿ 'ಗಾಂಜಾ' ಎಂದರೆ ಗಿಡದ ಹೂತೆನೆ ಮಾತ್ರ. ಕೃತಕ ವಸ್ತುವನ್ನು ಮನೋಪ್ರಭಾವಿ ದ್ರವ್ಯಗಳ ಪಟ್ಟಿಗೆ ಪ್ರತ್ಯೇಕವಾಗಿ ಸೇರಿಸಬೇಕು. ಆ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಭಾರತವೂ ಒಪ್ಪಿರುವ 1971ರ ಅಂತರರಾಷ್ಟ್ರೀಯ ಒಡಂಬಡಿಕೆಯ ಪಟ್ಟಿಗೆ ಜೆಡಬ್ಲ್ಯುಹೆಚ್-018 ಸೇರಿದ್ದು 2015ರಲ್ಲಿ. ಒಂದನ್ನು ನಿಷೇಧಿಸಿದರೆ, ಅಣುರಚನೆಯನ್ನು ತುಸು ಬದಲಿಸಿ ಮತ್ತೊಂದನ್ನು ತರುತ್ತಾರೆ.

'ಕಾನೂನು ತಡೆದಿಲ್ಲ, ಆದ್ದರಿಂದ ಕೆಡುಕಿಲ್ಲ' ಎಂಬುದು ತರ್ಕವಲ್ಲ, ತರ್ಕಾಭಾಸ. ಪಟ್ಟಿ ಹೆಸರನ್ನು ನೋಡುತ್ತದೆ. ದೇಹವು ವಸ್ತುವಿನ ಸ್ವಭಾವವನ್ನೇ ಅನುಭವಿಸುತ್ತದೆ.

ಮಗ ಸಿಲುಕಿಕೊಂಡನೆಂದು ತಿಳಿದಾಗ ಅನೇಕ ಕುಟುಂಬಗಳು ಮರ್ಯಾದೆಗೂ ಪೊಲೀಸರಿಗೂ ಅಂಜಿ ಬಾಗಿಲು ಮುಚ್ಚಿಕೊಳ್ಳುತ್ತವೆ. ಆದರೆ ಅದೇ ಕಾಯಿದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೊಳಗಾದ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಉಂಟು. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಅದನ್ನು ಹಿಂತೆಗೆದುಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. 14446 ರಾಷ್ಟ್ರೀಯ ಸಹಾಯವಾಣಿ.

ಗಣಿಯಲ್ಲಿ ಬಂಡೆ ಸಿಡಿದಾಗ ನಮ್ಮ ಹಿರಿಯರು, ಕೆಳಗೆ ಸಿಲುಕಿದವನ ತಪ್ಪೆಷ್ಟು ಎಂದು ವಿಚಾರಿಸುತ್ತ ನಿಲ್ಲಲಿಲ್ಲ. ಮೊದಲು ಅವನನ್ನು ಮೇಲಕ್ಕೆ ತಂದರು. ನಮ್ಮ ಮಕ್ಕಳ ವಿಷಯದಲ್ಲಿಯೂ ಕ್ರಮ ಅದೇ ಆಗಿರಲಿ.